ಕೈಗಾರಿಕಾ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಮತ್ತು ಟ್ರಿಗರ್: ಅಧ್ಯಯನ ಟಿಪ್ಪಣಿ

ಚಿತ್ರ ಎಷ್ಟು ಬೆಳಕಾಗಿದೆ ಎಂದು ನೋಡಿಕೊಂಡು ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕು ಪಡೆಯುವ ಅವಧಿ) ಇಡಬೇಡಿ. ಮೊದಲು ವಸ್ತುವಿನ ವೇಗ ನೋಡಿ. 200 ಮಿ.ಮೀ. ಅಗಲದ ದೃಶ್ಯ 2000 ಪಿಕ್ಸೆಲ್‌ಗಳಲ್ಲಿ ಬಂದರೆ ಒಂದು ಪಿಕ್ಸೆಲ್ ಎಂದರೆ 0.1 ಮಿ.ಮೀ. ವಸ್ತುವನ್ನು ಹೊತ್ತ ಬೆಲ್ಟ್ ಸೆಕೆಂಡಿಗೆ 500 ಮಿ.ಮೀ. ಓಡುತ್ತಿದ್ದರೆ ವಸ್ತು ಒಂದು ಪಿಕ್ಸೆಲ್ ದಾಟಲು 200 ಮೈಕ್ರೋಸೆಕೆಂಡ್ ಸಾಕು. ಅಂಚು ಅಳೆಯುವ ಕೆಲಸವಾದರೆ ಅರ್ಧ ಪಿಕ್ಸೆಲ್ ಮಸುಕಿಗೆ, ಅಂದರೆ 100 ಮೈಕ್ರೋಸೆಕೆಂಡಿಗೆ, ಇಳಿಸಿ. ಚಿತ್ರ ಕಪ್ಪಾಯಿತೇ? ಬೆಳಕು ಹೆಚ್ಚಿಸಿ, ಇಲ್ಲವೇ ಅಪರ್ಚರ್ ತೆರೆಯಿರಿ. ಗೇನ್ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವುದು) ಕೊನೆಯ ಉಪಾಯ, ಅದು ನಾಯ್ಸ್ (ಚಿತ್ರದ ಬೇಡದ ಚುಕ್ಕೆಗಳು) ಅನ್ನೂ ಹಿಗ್ಗಿಸುತ್ತದೆ. ಆಟೋ ಎಕ್ಸ್‌ಪೋಷರ್ ಆಫ್ ಆಗಿರಲೇಬೇಕು.

ಇನ್ನು ಟ್ರಿಗರ್, ಅಂದರೆ ಚಿತ್ರ ತೆಗೆಯಲು ಕ್ಯಾಮೆರಾಗೆ ಕೊಡುವ ಸಂಕೇತ. ಜೆನ್‌ಐಕ್ಯಾಮ್ (ಕ್ಯಾಮೆರಾ ಸೆಟ್ಟಿಂಗ್‌ಗಳ ಸಾಮಾನ್ಯ ಮಾನದಂಡ) ಅನುಸರಿಸುವ ಕ್ಯಾಮೆರಾಗಳಲ್ಲಿ ಮೊದಲು ಟ್ರಿಗರ್ ಸೆಲೆಕ್ಟರ್‌ನಲ್ಲಿ ಫ್ರೇಮ್ ಸ್ಟಾರ್ಟ್ ಆರಿಸಿ. ಆಮೇಲೆ ಟ್ರಿಗರ್ ಮೋಡ್ ಆನ್, ಸೋರ್ಸ್ ಲೈನ್ 1 (ಟ್ರಿಗರ್ ಪಲ್ಸ್ ಬರುವ ತಂತಿ), ಆಕ್ಟಿವೇಶನ್ ರೈಸಿಂಗ್ ಎಡ್ಜ್ (ಪಲ್ಸ್ ಏರುವ ಕ್ಷಣ). ಸೆಲೆಕ್ಟರ್ ಬದಲಾಯಿಸದೆ ಮೋಡ್ ಆನ್ ಮಾಡಿದರೆ ಅದು ಬೇರೆ ಟ್ರಿಗರ್‌ಗೆ ಹೋಗಿ ಕೂರುತ್ತದೆ. ಆಗ ಪಲ್ಸ್ ಬಂದರೂ ಚಿತ್ರ ಬರದೆ ತಲೆ ಕೆಡುತ್ತದೆ. ಪಿಸಿಯಿಂದ ಕೊಡುವ ಸಾಫ್ಟ್‌ವೇರ್ ಟ್ರಿಗರ್ ಪರೀಕ್ಷೆಗೆ ಸರಿ, ಓಡುವ ಬೆಲ್ಟ್‌ಗೆ ಬೇಡ: ಪಿಸಿ 2 ಮಿಲಿಸೆಕೆಂಡ್ ಆಚೀಚೆ ಮಾಡಿದರೂ ವಸ್ತು 1 ಮಿ.ಮೀ., ಅಂದರೆ 10 ಪಿಕ್ಸೆಲ್, ಜರುಗಿರುತ್ತದೆ.

ವಸ್ತು ಬಂದದ್ದನ್ನು ಗುರುತಿಸಿ ಟ್ರಿಗರ್ ಕೊಡುವ ಸೆನ್ಸರ್ ಕ್ಯಾಮೆರಾಗಿಂತ 30 ಮಿ.ಮೀ. ಹಿಂದಿದ್ದರೆ ಟ್ರಿಗರ್ ಡಿಲೇ 30 ÷ 500 = 0.06 ಸೆಕೆಂಡ್, ಅಂದರೆ 60,000 ಮೈಕ್ರೋಸೆಕೆಂಡ್. ಆದರೆ ಬೆಲ್ಟ್ ವೇಗ 450ಕ್ಕೆ ಇಳಿದರೆ ಅಷ್ಟು ಹೊತ್ತಿನಲ್ಲಿ ವಸ್ತು ಸಾಗುವುದು 27 ಮಿ.ಮೀ. ಮಾತ್ರ, 30 ಪಿಕ್ಸೆಲ್ ತಪ್ಪು. ವೇಗ ಏರಿಳಿಯುವ ಕಡೆ ಡಿಲೇ ನೆಚ್ಚಿಕೊಳ್ಳದೆ ಎನ್‌ಕೋಡರ್ (ಬೆಲ್ಟ್ ಸಾಗಿದಷ್ಟಕ್ಕೆ ಪಲ್ಸ್ ಕೊಡುವ ಸಾಧನ) ಪಲ್ಸ್ ಎಣಿಸುವುದೇ ಸರಿಯಾದ ದಾರಿ.

ಒಂದೇ ವಸ್ತುವಿಗೆ ಎರಡು ಮೂರು ಚಿತ್ರ ಬರುತ್ತಿದ್ದರೆ ಸ್ವಿಚ್ ಅಥವಾ ರಿಲೇಯ ಬೌನ್ಸ್ (ಸಂಪರ್ಕ ಒಂದೇ ಸಲಕ್ಕೆ ಹಲವು ಬಾರಿ ಕೂಡಿ ಬಿಡುವುದು) ಮೇಲೆ ಅನುಮಾನ ಪಡಿ. ಇಂಥ ಕ್ಷಣಿಕ ಪಲ್ಸ್‌ಗಳನ್ನು ಸೋಸುವ ಡಿಬೌನ್ಸರ್ ಇರುವುದು ಇದಕ್ಕೇ. ಆದರೆ ಅದರ ಅವಧಿ ಪಲ್ಸ್‌ಗಿಂತ ಚಿಕ್ಕದಿರಲಿ: 500 ಮೈಕ್ರೋಸೆಕೆಂಡ್ ಪಲ್ಸ್‌ಗೆ 1000 ಇಟ್ಟರೆ ಪಲ್ಸೇ ನುಂಗಿಹೋಗುತ್ತದೆ. ಡಿಬೌನ್ಸರ್ ಅಷ್ಟು ಹೊತ್ತು ಟ್ರಿಗರನ್ನು ತಡ ಮಾಡುವುದರಿಂದ ಅದನ್ನು ಡಿಲೇಯಿಂದ ಕಳೆಯಿರಿ.

ಇದಕ್ಕೆ ಉಲ್ಟಾ, ಚಿತ್ರ ತಪ್ಪಿಹೋಗುತ್ತಿದ್ದರೆ? ಕ್ಯಾಮೆರಾ ಸಿದ್ಧವಾಗುವ ಮೊದಲೇ ಬಂದ ಟ್ರಿಗರ್ ಸುಮ್ಮನೆ ಕೈಬಿಟ್ಟುಹೋಗುತ್ತದೆ. ಎಕ್ಸ್‌ಪೋಷರ್ 8 ಮಿಲಿಸೆಕೆಂಡ್, ರೀಡ್‌ಔಟ್ (ಸೆನ್ಸರ್‌ನಿಂದ ಚಿತ್ರ ಓದಿ ತೆಗೆಯುವುದು) 10 ಮಿಲಿಸೆಕೆಂಡ್ ಎಂದುಕೊಳ್ಳಿ: ಒಂದಾದ ಮೇಲೊಂದು ನಡೆದರೆ 18, ಸೆಕೆಂಡಿಗೆ ಸುಮಾರು 55 ಚಿತ್ರ. ಓವರ್‌ಲ್ಯಾಪ್ ಇದ್ದರೆ, ಅಂದರೆ ರೀಡ್‌ಔಟ್ ನಡೆಯುವಾಗಲೇ ಮುಂದಿನ ಎಕ್ಸ್‌ಪೋಷರ್ ಶುರುವಾದರೆ, ನೂರರ ಹತ್ತಿರ. ಇಲ್ಲಿ ಗೊಂದಲ ಬೇಡ: ಟ್ರಿಗರ್ ತಪ್ಪುವುದು ಬೇರೆ, ಚಿತ್ರ ಸೆರೆಯಾಗಿ ಕೇಬಲ್‌ನಲ್ಲಿ ಕಳೆದುಹೋಗುವುದು ಬೇರೆ. ಲೈನ್ 2 ಅನ್ನು ಔಟ್‌ಪುಟ್ ಮಾಡಿ, ಸೋರ್ಸ್ ಎಕ್ಸ್‌ಪೋಷರ್ ಆಕ್ಟಿವ್ (ಎಕ್ಸ್‌ಪೋಷರ್ ನಡೆಯುವಷ್ಟು ಹೊತ್ತು ಬರುವ ಪಲ್ಸ್) ಎಂದಿಟ್ಟು ಆಸಿಲೋಸ್ಕೋಪ್‌ನಲ್ಲಿ ಟ್ರಿಗರ್ ಜೊತೆ ನೋಡಿ. ಟ್ರಿಗರ್ ಇದ್ದು ಎಕ್ಸ್‌ಪೋಷರ್ ಪಲ್ಸ್ ಇಲ್ಲವೆಂದರೆ ತಪ್ಪು ಸಮಯದ್ದು ಅಥವಾ ವೈರಿಂಗ್‌ನದು. ಎರಡೂ ಇದ್ದು ಚಿತ್ರ ಇಲ್ಲವೆಂದರೆ ನೆಟ್‌ವರ್ಕ್, ಬಫರ್ ಕಡೆ ಹುಡುಕಿ. ಸ್ಟ್ರೋಬ್ (ಕ್ಷಣಕಾಲ ಮಿನುಗುವ ಬೆಳಕು) ಕಂಟ್ರೋಲರ್ ಟ್ರಿಗರ್ ಮಾಡಲೂ ಇದೇ ಔಟ್‌ಪುಟ್ ಸಾಕು.

ಎಲ್ಲ ಸರಿಯಾದ ಮೇಲೆ ಯೂಸರ್ ಸೆಟ್‌ಗೆ (ಸೆಟ್ಟಿಂಗ್ ಉಳಿಸಿಡುವ ಕ್ಯಾಮೆರಾದೊಳಗಿನ ಜಾಗ) ಸೇವ್ ಮಾಡಿ, ಪವರ್ ಬಂದಾಗ ಅದೇ ಲೋಡ್ ಆಗುವಂತೆ ಡೀಫಾಲ್ಟ್ ಇಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಕ್ಯಾಮೆರಾ ಮತ್ತೆ ಫ್ರೀ ರನ್‌ಗೆ (ಟ್ರಿಗರ್‌ಗೆ ಕಾಯದೆ ಸತತ ಚಿತ್ರ ತೆಗೆಯುವ ಸ್ಥಿತಿ) ಮರಳಿರುತ್ತದೆ.