ಕೆಂಪು ಫೋನ್ ಇರಲೇ ಇಲ್ಲ: ಮಾಸ್ಕೋ–ವಾಷಿಂಗ್ಟನ್ ಹಾಟ್‌ಲೈನ್ ಬಂದ ದಾರಿ

1962ರ ಅಕ್ಟೋಬರ್ 26. ಕ್ಯೂಬಾದಲ್ಲಿ ಸೋವಿಯತ್ ಒಕ್ಕೂಟ ಇಟ್ಟ ಕ್ಷಿಪಣಿಗಳಿಂದಾಗಿ ಅಮೆರಿಕದೊಂದಿಗೆ ಎದ್ದ ಬಿಕ್ಕಟ್ಟು ತಾರಕಕ್ಕೇರಿದ್ದ ದಿನ. ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಪತ್ರ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಕೈಸೇರಿದಾಗ ವಾಷಿಂಗ್ಟನ್‌ನಲ್ಲಿ ಬೆಳಿಗ್ಗೆ ಹತ್ತೂ ಆಗಿರಲಿಲ್ಲ. ಅದನ್ನು ಅನುವಾದಿಸಿ, ಗೂಢಲಿಪಿಗಿಳಿಸಿ, ಕಂತುಕಂತಾಗಿ ಕಳಿಸಿ ಮುಗಿಸುವಷ್ಟರಲ್ಲಿ ಅಲ್ಲಿ ರಾತ್ರಿ ಒಂಬತ್ತು. ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರ ಪಾಡು ಇನ್ನೂ ವಿಚಿತ್ರ: ಅವರ ಗುಪ್ತ ತಂತಿಗಳನ್ನು ಒಯ್ಯಲು ತಂತಿ ಕಂಪನಿ ವೆಸ್ಟರ್ನ್ ಯೂನಿಯನ್‌ನ ಹುಡುಗ ಸೈಕಲ್ ಏರಿ ಬರಬೇಕಿತ್ತು. ಮರುದಿನದ ಪತ್ರವನ್ನು ಕ್ರುಶ್ಚೇವ್ ಮಾಸ್ಕೋ ರೇಡಿಯೋದಲ್ಲೇ ಓದಿಸಿದರು. ಬೇಗ ತಲುಪಿತು, ಸರಿ. ಆದರೆ ಊರಿಗೆಲ್ಲ ಕೇಳುವಂತೆ ಆಡಿದ ಮಾತನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳಲು ಬರುವುದಿಲ್ಲ.

ಈ ಪಾಡು ತಪ್ಪಿಸಲು ಎರಡೂ ರಾಜಧಾನಿಗಳ ನಡುವೆ ನೇರ ಲೈನ್ ಹಾಕುವ ಒಪ್ಪಂದಕ್ಕೆ 1963ರ ಜೂನ್ 20ರಂದು ಜಿನೀವಾದಲ್ಲಿ ಸಹಿ ಬಿತ್ತು. ಆಗಸ್ಟ್ 30ಕ್ಕೆ ಲೈನ್ ಚಾಲೂ ಆಯಿತು. ಸಿನಿಮಾಗಳು ತೋರಿಸುವ ಕೆಂಪು ಫೋನ್ ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಟೆಲಿಪ್ರಿಂಟರ್, ಅಂದರೆ ಇಲ್ಲಿ ಟೈಪಿಸಿದ್ದನ್ನು ಆ ತುದಿಯಲ್ಲಿ ಮುದ್ರಿಸುವ ಯಂತ್ರ. ವಾಷಿಂಗ್ಟನ್ ಕಡೆಯದು ಇದ್ದದ್ದು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್‌ನಲ್ಲಿ. ಮಾತಿನಲ್ಲಿ ದನಿ ಏರಿಳಿಯುತ್ತದೆ, ದುಭಾಷಿ ಅವಸರದಲ್ಲಿ ತಪ್ಪುತ್ತಾನೆ. ಬರಹವಾದರೆ ಓದಿ, ಯೋಚಿಸಿ ಉತ್ತರಿಸಬಹುದು. ವಾಷಿಂಗ್ಟನ್ ಇಂಗ್ಲಿಷಿನಲ್ಲಿ, ಮಾಸ್ಕೋ ರಷ್ಯನ್‌ನಲ್ಲಿ ಕಳಿಸಬೇಕು, ಅನುವಾದ ಪಡೆದವರ ಹೊಣೆ. ಹಾಗಾಗಿ ಎರಡೂ ಕಡೆ ಎರಡೂ ಲಿಪಿಯ ಯಂತ್ರಗಳಿದ್ದವು.

ಕೇಬಲ್ ಹೋದದ್ದು ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಹಾದು. ಅದು ಕೆಟ್ಟರೆ ಮೊರಾಕ್ಕೊದ ಟ್ಯಾಂಜಿಯರ್ ಮೂಲಕ ರೇಡಿಯೋ ಇತ್ತು.

ನಿಜವಾದ ಜಾಣತನ ಇದ್ದದ್ದು ಗೂಢಲಿಪಿಯಲ್ಲಿ. ಯಾರೂ ತಮ್ಮ ಗುಪ್ತ ಯಂತ್ರವನ್ನು ಎದುರಾಳಿಗೆ ತೋರಿಸುವಂತಿರಲಿಲ್ಲ. ಅದಕ್ಕೇ ಮಾರುಕಟ್ಟೆಯಲ್ಲೇ ಸಿಗುತ್ತಿದ್ದ ನಾರ್ವೆ ಮೂಲದ ಯಂತ್ರವನ್ನು ಆರಿಸಿಕೊಂಡರು. ಗುಟ್ಟೆಲ್ಲ ಕಾಗದದ ಟೇಪಿನಲ್ಲಿ. ಟೆಲಿಪ್ರಿಂಟರಿನ ಪ್ರತಿ ಅಕ್ಷರ ಐದು ತಾಣಗಳ ಒಂದು ಸಾಲು: ತೂತಿದ್ದರೆ 1, ಇಲ್ಲದಿದ್ದರೆ 0. 'ಎ' ಎಂದರೆ 11000. ಸಂದೇಶವನ್ನು ಮರೆಮಾಡಲು ಅದರೊಂದಿಗೆ ಬೆರೆಸುವ ಕೀ ಟೇಪಿನಲ್ಲಿ ಆ ಜಾಗದಲ್ಲಿ 01101 ಇದೆ ಎನ್ನೋಣ. ಎರಡೂ ಒಂದೇ ಇದ್ದಲ್ಲಿ 0, ಬೇರೆಯಿದ್ದಲ್ಲಿ 1 ಎಂದು ಕೂಡಿಸಿದರೆ 10101, ಅಂದರೆ 'ವೈ' ಹೊರಡುತ್ತದೆ. ಆ ತುದಿಯಲ್ಲಿ ಅದೇ ಟೇಪಿನ ನಕಲಿನೊಂದಿಗೆ ಮತ್ತೆ ಕೂಡಿಸಿದರೆ 'ಎ' ವಾಪಸ್. ಟೇಪು ಪೂರ್ತಿ ಯಾದೃಚ್ಛಿಕವಾಗಿದ್ದು, ಒಂದೇ ಸಲ ಬಳಕೆಯಾದರೆ ಇದನ್ನು ಒಡೆಯಲು ಆಗುವುದೇ ಇಲ್ಲ. ಎರಡು ಸಲ ಬಳಸಿದರೆ ಎರಡು ಸಂದೇಶಗಳನ್ನು ಪರಸ್ಪರ ಕೂಡಿಸಿ ಕೀಯನ್ನೇ ಕಳೆದುಬಿಡಬಹುದು, ಅಲ್ಲಿಗೆ ಕೆಲಸ ಕೆಟ್ಟಿತು. ಟೇಪು ಒಂದೇ ಒಂದು ಅಕ್ಷರ ಹಿಂದುಮುಂದಾದರೂ ಮುಂದಿನದೆಲ್ಲ ಅರ್ಥವಿಲ್ಲದ ಅಕ್ಷರಗಳ ರಾಶಿ. ಎರಡೂ ಕಡೆಯವರು ಟೇಪನ್ನು ಸಾಲಿಗೆ ತಂದು ಮತ್ತೆ ಶುರುಮಾಡಬೇಕು. ಟೇಪುಗಳನ್ನು ಆಯಾ ದೇಶವೇ ತಯಾರಿಸಿ, ತನ್ನ ರಾಯಭಾರ ಕಚೇರಿಯ ಮೂಲಕ ಎದುರು ಪಕ್ಷಕ್ಕೆ ಕೊಡುತ್ತಿತ್ತು.

ಗಂಟೆಗೊಮ್ಮೆ ಪರೀಕ್ಷಾ ಸಂದೇಶ: ಸಮ ಗಂಟೆಗೆ ವಾಷಿಂಗ್ಟನ್, ಬೆಸ ಗಂಟೆಗೆ ಮಾಸ್ಕೋ. ಮೊದಲನೆಯದು ಸೋಮಾರಿ ನಾಯಿಯ ಮೇಲೆ ನರಿ ಹಾರಿದ ಆ ಹಳೆಯ ಇಂಗ್ಲಿಷ್ ಸಾಲು, ಜೊತೆಗೆ ಅಂಕಿಗಳು. ಇಂಗ್ಲಿಷಿನ ಎಲ್ಲ ಅಕ್ಷರಗಳೂ ಅದರಲ್ಲಿರುವುದರಿಂದ, ಎಲ್ಲ ಕೀಲಿಗಳೂ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಅದು ಸುಲಭ ದಾರಿ. ಆಮೇಲೆ ಸಾಹಿತ್ಯದ ತುಣುಕುಗಳು ಹೋದವು. ರಾಜಕೀಯದ ವಾಸನೆ ಮಾತ್ರ ಇರಕೂಡದು.

ಮೊದಲ ನಿಜವಾದ ಬಳಕೆ 1967ರ ಜೂನ್ 5ರಂದು, ಅರಬ್–ಇಸ್ರೇಲ್ ಯುದ್ಧ ಶುರುವಾದಾಗ. ಸೋವಿಯತ್ ಪ್ರಧಾನಿ ಕೊಸಿಗಿನ್ ಲೈನಿಗೆ ಬಂದರೆ ಅದರ ತುದಿ ಇನ್ನೂ ಪೆಂಟಗನ್‌ನಲ್ಲೇ ಇತ್ತು! ಅಲ್ಲಿಂದ ಶ್ವೇತಭವನಕ್ಕೆ ಜೋಡಿಸಿದ ಮೇಲೆ ಕೆಲಸ ಸಾಗಿತು. ಜೂನ್ 8ರಂದು ಅಮೆರಿಕದ ಲಿಬರ್ಟಿ ಹಡಗಿನ ಮೇಲೆ ಇಸ್ರೇಲ್ ದಾಳಿ ಮಾಡಿದಾಗ, ತಮ್ಮ ವಿಮಾನಗಳು ಹೋಗುತ್ತಿರುವುದು ಆ ಹಡಗಿನ ಸ್ಥಿತಿ ನೋಡಲಷ್ಟೇ ಎಂದು ಅಮೆರಿಕದ ಅಧ್ಯಕ್ಷ ಜಾನ್ಸನ್ ಮಾಸ್ಕೋಗೆ ತಿಳಿಸಿದ್ದೂ ಇದರಲ್ಲೇ. ಲೈನ್ ತನ್ನ ಖರ್ಚನ್ನು ದುಡಿದುಕೊಟ್ಟದ್ದು ಅಂಥ ಸಂದೇಶಗಳಿಂದ. ಬಾಂಗ್ಲಾ ಯುದ್ಧದ ಹೊತ್ತಿಗೆ, 1971ರ ಡಿಸೆಂಬರ್ 12ರಂದು, ಅಧ್ಯಕ್ಷ ನಿಕ್ಸನ್ ಭಾರತದ ವಿಷಯವಾಗಿ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಬರೆದರು. ಹಾಗೆಂದು ತಂತಿಯೇನೂ ಸತ್ಯಕ್ಕೆ ಜಾಮೀನಲ್ಲ: 1979ರ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ಅಧ್ಯಕ್ಷ ಕಾರ್ಟರ್ ಪ್ರತಿಭಟಿಸಿದಾಗ, ಅಲ್ಲಿನ ಸರ್ಕಾರವೇ ಕರೆಯಿತೆಂಬ ಉತ್ತರ ಬಂತು.

ಕೇಬಲ್‌ನ ದೌರ್ಬಲ್ಯ ಬೇಗ ಗೊತ್ತಾಯಿತು. ಫಿನ್‌ಲ್ಯಾಂಡಿನಲ್ಲಿ ಉಳುಮೆ ಮಾಡುತ್ತಿದ್ದ ರೈತನೊಬ್ಬನ ನೇಗಿಲಿಗೆ ಒಮ್ಮೆ ಅದು ತುಂಡಾಯಿತು. 1971ರ ಸೆಪ್ಟೆಂಬರ್‌ನಲ್ಲಿ ಉಪಗ್ರಹಗಳಿಗೆ ಒಪ್ಪಂದವಾಗಿ, ಅಂತರರಾಷ್ಟ್ರೀಯ ಇಂಟೆಲ್‌ಸ್ಯಾಟ್ ಮತ್ತು ಸೋವಿಯತ್ ಮೊಲ್ನಿಯಾ ಉಪಗ್ರಹಗಳೆರಡೂ 1978ರಲ್ಲಿ ಕೆಲಸಕ್ಕೆ ಬಂದವು. ರೇಡಿಯೋ ನಿಂತಿತು, ಕೇಬಲ್ ಮಾತ್ರ ಆಪತ್ತಿಗಿರಲಿ ಎಂದು ಉಳಿಯಿತು. 1986ರಲ್ಲಿ ಫ್ಯಾಕ್ಸ್ ಸೇರಿಕೊಂಡ ಮೇಲೆ ನಕ್ಷೆಗಳನ್ನೂ ಕಳಿಸುವಂತಾಯಿತು.