ಗೆರೆ ಬೀಳದ ಅಂಕಿಗಳು: ಯಕೃತ್ತು, ರಕ್ತ ಒಟ್ಟಿಗೆ ಕೆಟ್ಟಾಗ

ಮುಂಬೈಯ ಮಳೆಗಾಲದಲ್ಲಿ ಕಾಮಾಲೆಯ ಜೊತೆ ರಕ್ತದ ಎಣಿಕೆಯೂ ಕೆಟ್ಟ ರೋಗಿ ವಾರ್ಡಿಗೆ ಬಂದರೆ ನಮ್ಮ ಕೈ ತಾನಾಗಿಯೇ ಮೂರು ಹೆಸರು ಬರೆಯುತ್ತದೆ: ಮಲೇರಿಯಾ, ಲೆಪ್ಟೊಸ್ಪೈರೋಸಿಸ್, ಡೆಂಗಿ. ಹೆಚ್ಚಿನ ಸಲ ಅದು ಸರಿಯೂ ಹೌದು. ಭಾನುವಾರ ಮಾಟುಂಗಾದಲ್ಲಿ ಕೂಡಿ ಓದುವ ನಮ್ಮ ಕನ್ನಡದ ವೈದ್ಯರ ಗುಂಪಿಗೆ ಬರೆದ ಈ ಟಿಪ್ಪಣಿ ಆ ಮೂರಕ್ಕೂ ಸಿಗದವರ ಬಗ್ಗೆ. ಲ್ಯಾಬ್ ವರದಿಯಲ್ಲಿ ಸಹಜ ಮಿತಿ ಮೀರಿ ಅಡಿಗೆರೆ ಬಿದ್ದ ಅಂಕಿಗಳನ್ನು ಎಲ್ಲರೂ ಓದುತ್ತೇವೆ. ಇವರ ಗುಟ್ಟು ಇರುವುದು ಗೆರೆ ಬೀಳದ ಅಂಕಿಯಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹದಿನೇಳರ ಹುಡುಗಿ, ಒಂದು ವಾರದಿಂದ ಕಾಮಾಲೆ. ಹಿಮೋಗ್ಲೋಬಿನ್ 6, ಕಾಮಾಲೆಯ ಹಳದಿ ಬಣ್ಣವಾದ ಬಿಲಿರುಬಿನ್ 24, ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 180, ಎಎಲ್‌ಟಿ 70. ಕೆಂಪು ಕಣಗಳು ಒಡೆಯುತ್ತಿವೆ, ಆದರೆ ಕಣಗಳಿಗೆ ಅಂಟಿದ ಪ್ರತಿಕಾಯ ಹುಡುಕುವ ಕೂಂಬ್ಸ್ ಪರೀಕ್ಷೆ ನೆಗೆಟಿವ್. ಯಕೃತ್ತಿನ ಇನ್ನೊಂದು ಕಿಣ್ವ ಆಲ್ಕಲೈನ್ ಫಾಸ್ಫಟೇಸ್ 60. ಇಷ್ಟು ಕಾಮಾಲೆಯಲ್ಲಿ ಅದು ಏರಿರಬೇಕಿತ್ತು. ಇಲ್ಲಿ ತೆಪ್ಪಗೆ ಕುಳಿತಿದೆ. ಅದನ್ನು ಬಿಲಿರುಬಿನ್‌ನಿಂದ ಭಾಗಿಸಿ: 2.5. ಯಕೃತ್ತು ಹಠಾತ್ತನೆ ಸೋತವರಲ್ಲಿ ಈ ಅನುಪಾತ 4ಕ್ಕಿಂತ ಕಡಿಮೆಯಿದ್ದು, ಎಎಸ್‌ಟಿಯು ಎಎಲ್‌ಟಿಯ 2.2 ಪಟ್ಟು ಮೀರಿದ್ದರೆ ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ಆನುವಂಶಿಕ ರೋಗವಾದ ವಿಲ್ಸನ್ ಕಾಯಿಲೆಯನ್ನು ಬಲವಾಗಿ ಶಂಕಿಸಬೇಕು.

1912ರಲ್ಲಿ ನರವೈದ್ಯ ಕಿನ್ನಿಯರ್ ವಿಲ್ಸನ್ ವಿವರಿಸಿದ್ದು ನರರೋಗವನ್ನು; ಆದ್ದರಿಂದ ಕೈನಡುಕವಿಲ್ಲದ ರೋಗಿಯಲ್ಲಿ ಇದು ನಮಗೆ ಹೊಳೆಯುವುದೇ ಇಲ್ಲ. ಎಟಿಪಿ7ಬಿ ಜೀನ್ ಕೆಟ್ಟರೆ ಯಕೃತ್ತು ತಾಮ್ರವನ್ನು ಪಿತ್ತರಸಕ್ಕೆ ದಾಟಿಸಲಾರದು. ವರ್ಷಗಟ್ಟಲೆ ಕೂಡಿಟ್ಟ ತಾಮ್ರ, ಜೀವಕೋಶಗಳು ಸಾಯುವಾಗ ಒಮ್ಮೆಲೇ ರಕ್ತಕ್ಕೆ ಸುರಿದು ಕೆಂಪು ಕಣಗಳನ್ನು ಒಡೆಯುತ್ತದೆ. ಪ್ರತಿಕಾಯದ ಪಾತ್ರವೇ ಇಲ್ಲದ್ದರಿಂದ ಕೂಂಬ್ಸ್ ನೆಗೆಟಿವ್. ತಾಮ್ರ ಹೊರುವ, ಈ ರೋಗದಲ್ಲಿ ಸಾಮಾನ್ಯವಾಗಿ ಇಳಿಯುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಒಂದನ್ನೇ ನೆಚ್ಚಬೇಡಿ: ಉರಿಯೂತದಲ್ಲಿ ಅದು ಏರುತ್ತದೆ, ಯಾವ ಕಾರಣಕ್ಕೆ ಯಕೃತ್ತು ಸೋತರೂ ಇಳಿಯಬಹುದು. 24 ಗಂಟೆಯ ಮೂತ್ರದಲ್ಲಿ ತಾಮ್ರ ಅಳೆಯಿರಿ, ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು ತೋರಿಸಿ. ಕಾರ್ನಿಯಾದ ಅಂಚಿನಲ್ಲಿ ತಾಮ್ರದ ಉಂಗುರ ಕಾಣದಿದ್ದರೂ ರೋಗ ಇಲ್ಲವೆನ್ನಬೇಡಿ. ಈ ಹಂತದಲ್ಲಿ ತಾಮ್ರ ಹೊರಹಾಕುವ ಪೆನಿಸಿಲಮೈನ್ ಮದ್ದಿನ ಪರಿಣಾಮಕ್ಕಾಗಿ ಕಾಯುತ್ತ ಕೂರದೆ ಯಕೃತ್ತಿನ ಕಸಿ ತಂಡವನ್ನು ಕರೆಯಬೇಕು.

ತಾಯಿ ಕೇಳಿಯೇ ಕೇಳುತ್ತಾರೆ: "ತಾಮ್ರದ ಚೊಂಬಿನಲ್ಲಿ ನೀರು ಕೊಟ್ಟದ್ದೇ ತಪ್ಪಾಯಿತೇ, ಡಾಕ್ಟರೇ?" ಇಲ್ಲ ಎಂದು ಮೊದಲು ಹೇಳಿ. ಚೊಂಬನ್ನು ಎತ್ತಿಡಲು ಆಮೇಲೆ ಹೇಳಿ. ತಮ್ಮ ತಂಗಿಯರನ್ನೂ ಕರೆತರಲು ಹೇಳಿ. ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ.

ಎರಡನೆಯ ಮೌನದ ಅಂಕಿ ಪ್ಲೇಟ್‌ಲೆಟ್. ಇನ್ನೊಬ್ಬ ರೋಗಿ: ಹೊಟ್ಟೆಯಲ್ಲಿ ನೀರು, ಬೆರಳಿಗೆ ಸಿಗುವ ಗುಲ್ಮ, ಪ್ಲೇಟ್‌ಲೆಟ್ 3.5 ಲಕ್ಷ. ವರದಿ ಅದನ್ನು ಸಹಜ ಎನ್ನುತ್ತದೆ. ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯ ಒತ್ತಡದಿಂದ ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುವಾಗ 3.5 ಲಕ್ಷ ಉಳಿಯುವುದು ಹೇಗೆ? ಮೂಳೆಯ ಮಜ್ಜೆ ವಿಪರೀತ ಉತ್ಪಾದಿಸುತ್ತಿರಬಹುದು. ಡಾಪ್ಲರ್‌ನಲ್ಲಿ ಯಕೃತ್ತಿನ ಅಭಿಧಮನಿಗಳು ಮುಚ್ಚಿರುವ ಬಡ್-ಕಿಯಾರಿ ಕಂಡರೆ, ಎಣಿಕೆ ಸಹಜವಿದ್ದರೂ ಮಜ್ಜೆಯ ಆ ಅತಿ ಉತ್ಪಾದನೆಯ ಸುಳಿವು ಕೊಡುವ ಜಾಕ್2 ಜೀನ್ ಪರೀಕ್ಷೆ ಕಳುಹಿಸಬೇಕು. ಮುಂಜಾನೆ ಕಪ್ಪು ಮೂತ್ರ, ಕಣಗಳು ಒಡೆದಾಗ ಏರುವ ಎಲ್‌ಡಿಎಚ್ ಹೆಚ್ಚಿದ್ದರೆ, ಕೆಂಪು ಕಣಗಳು ಒಡೆದು ರಕ್ತ ಹೆಪ್ಪುಗಟ್ಟುವ ರೋಗವಾದ ಪಿಎನ್‌ಎಚ್‌ಗಾಗಿ ಫ್ಲೋ ಸೈಟೋಮೆಟ್ರಿಯೂ ಸರಿ.

ಮೂರನೆಯದು ಇಎಸ್‌ಆರ್, ಅಂದರೆ ಉರಿಯೂತದಲ್ಲಿ ಏರುವ, ಕೆಂಪು ಕಣಗಳು ತಳ ಸೇರುವ ವೇಗ. ಡೆಂಗಿ ಎಂದೇ ದಾಖಲಾದ ಕೆಲವರ ಜ್ವರ ಇಳಿಯುವುದಿಲ್ಲ, ಮೂರೂ ಬಗೆಯ ರಕ್ತಕಣಗಳು ಕುಸಿಯುತ್ತವೆ, ಯಕೃತ್ತು ದೊಡ್ಡದಾಗುತ್ತದೆ, ಕಬ್ಬಿಣ ಕೂಡಿಡುವ ಪ್ರೋಟೀನ್ ಫೆರಿಟಿನ್ ಹತ್ತು ಸಾವಿರ ದಾಟುತ್ತದೆ. ಆದರೆ ಇಎಸ್‌ಆರ್ 80ರಿಂದ 12ಕ್ಕೆ ಇಳಿದಿದೆ. ರೋಗಿ ಚೇತರಿಸಿಕೊಳ್ಳುತ್ತಿದ್ದಾರೆಂದು ಸಂತೋಷಪಡಬೇಡಿ. ಇಎಸ್‌ಆರ್ ಅನ್ನು ಎತ್ತಿ ಹಿಡಿಯುವ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜನ್ ಕರಗುತ್ತಿರುವ ಲಕ್ಷಣವಿದು. ರೋಗನಿರೋಧಕ ಕಣಗಳು ಹತೋಟಿ ತಪ್ಪಿ ಮೈಯನ್ನೇ ಕೆಡಿಸುವ ಎಚ್‌ಎಲ್‌ಎಚ್ ಎಂದು ಭಾವಿಸಿ ಫೈಬ್ರಿನೋಜನ್, ಉಪವಾಸದ ಟ್ರೈಗ್ಲಿಸರೈಡ್ ಅಂದೇ ಕಳುಹಿಸಿ, ಮಜ್ಜೆಯ ಪರೀಕ್ಷೆಗೆ ರಕ್ತರೋಗ ವಿಭಾಗಕ್ಕೆ ಫೋನ್ ಮಾಡಿ.