ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ: ಕಾಯಿಲೆ ಶುರುವಾದದ್ದು ಯಾವಾಗ?

ವೈದ್ಯಕೀಯ ಪರೀಕ್ಷೆಗೆ ಓದುವವರು ಇಲ್ಲದ ಧ್ವನಿ ಕೇಳುವುದನ್ನೇ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಗುರುತೆಂದು ಹಿಡಿದುಕೊಳ್ಳುತ್ತಾರೆ. ಮಕ್ಕಳ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ. ಕಾಣದ ಗೆಳೆಯನೊಡನೆ ಹರಟುವ, ನಿದ್ದೆಗಣ್ಣಿನಲ್ಲಿ ಯಾರೋ ಕರೆದರೆನ್ನುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಬಹುಪಾಲು ಮಕ್ಕಳಿಗೆ ಏನೂ ಆಗಿರುವುದಿಲ್ಲ. 18ರೊಳಗೆ ಈ ಕಾಯಿಲೆ ಕಾಣಿಸುವುದೇ ಕಡಿಮೆ, 13ರೊಳಗಂತೂ ತೀರಾ ವಿರಳ.

ಗದಗ ಜಿಲ್ಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿ, ಫಲ ಕಾಣದೆ, ಜನವರಿಯ ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆತಂದಿದ್ದಾರೆ. ಯಾವಾಗಿನಿಂದ ಎಂದರೆ 'ದಸರಾದಿಂದ' ಎನ್ನುತ್ತಾರೆ. ಬೈಗುಳ ಕೇಳಿಸುತ್ತದೆಂದು ಅವನು ಕಿವಿಗೆ ಹತ್ತಿ ತುರುಕಿಕೊಂಡದ್ದು ಆಗ. ಗಣಿತದ ನೋಟ್‌ಬುಕ್ ತರಿಸಿ ನೋಡಿ. ಜೂನ್‌ನಲ್ಲಿ ಅಂಚಿಗೆ ಗೆರೆ ಎಳೆದು ಬಿಡಿಸಿದ ಲೆಕ್ಕಗಳು ಜುಲೈಯಲ್ಲಿ ಅರ್ಧಕ್ಕೆ ನಿಂತಿವೆ. ಆಗಸ್ಟ್‌ನ ಪುಟಗಳಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಬರೆದಿದ್ದಾನೆ. ಸ್ನಾನ, ಗೆಳೆಯರು, ಕ್ರಿಕೆಟ್ ಬಿಟ್ಟದ್ದೂ ಆಗಲೇ. ಮನೆಯವರು ಅದನ್ನು ಮೊಬೈಲ್ ಚಟವೆಂದು ಬೈದು ಸುಮ್ಮನಾಗಿದ್ದರು.

ಮನೆಯವರ ದಸರಾಕ್ಕೂ ನೋಟ್‌ಬುಕ್ ತೋರಿಸುವ ಜುಲೈಗೂ ಇರುವ ಈ ವ್ಯತ್ಯಾಸ ಸಣ್ಣದಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ಮುಖ್ಯ ಲಕ್ಷಣಗಳು ಒಂದು ತಿಂಗಳಾದರೂ ಇದ್ದು, ಓದು, ಸ್ನಾನ, ಗೆಳೆತನ ಕುಸಿಯುವಂಥ ಮುಂಚಿನ ಇಳಿತವೂ ಸೇರಿ ಒಟ್ಟು 6 ತಿಂಗಳು ತುಂಬಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ಕ್ಕೆ ಒಂದು ತಿಂಗಳು ಸಾಕು. ಮನೆಯವರ ಲೆಕ್ಕಕ್ಕೆ ಮೂರು-ನಾಲ್ಕು ತಿಂಗಳು, ನೋಟ್‌ಬುಕ್ಕಿನ ಲೆಕ್ಕಕ್ಕೆ ಆರು! ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಮಟ್ಟ ಮುಟ್ಟದಿರುವುದನ್ನೂ ಇಳಿತವೆಂದೇ ಎಣಿಸಬೇಕು.

ಹಾಗೆಂದು ಹಣೆಪಟ್ಟಿ ಅಂಟಿಸಲು ಆತುರ ಬೇಡ. ಖಿನ್ನತೆ, ಮನಸ್ಸು ಅತಿ ಉಲ್ಲಾಸಕ್ಕೂ ಖಿನ್ನತೆಗೂ ತೂಗುವ ಬೈಪೋಲಾರ್, ಆಟಿಸಂ, ಮಾನಸಿಕ ಆಘಾತ, ಗಾಂಜಾ ಇವೆಲ್ಲ ಇದೇ ವೇಷದಲ್ಲಿ ಬರಬಹುದು. ಕೆಲವೇ ದಿನಗಳಲ್ಲಿ ಬಿಗಡಾಯಿಸಿ ಫಿಟ್ಸ್, ಜ್ವರ ಕಂಡರೆ ಮಿದುಳಿನ ಉರಿಯೂತವನ್ನು ಮೊದಲು ಹುಡುಕಬೇಕು. ಕೈನಡುಕ, ಕಾಮಾಲೆ ಇದ್ದರೆ ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆಯನ್ನು.

ಚಿಕಿತ್ಸೆಯಲ್ಲಿ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಸಾಮಾನ್ಯವಾಗಿ ಮೊದಲಿಗೆ ಬರುವ ಔಷಧಗಳು. ಒಲಾಂಜಪಿನ್ ಕೆಲಸ ಮಾಡುತ್ತದೆ, ಆದರೆ ತೂಕ ಏರಿಸುವುದರಲ್ಲಿ ಅದರದೇ ಮೇಲುಗೈ. ಎರಡು ಔಷಧಗಳು ಸೋತರೆ ಕ್ಲೋಜಪಿನ್. ಅದು ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದಾದ್ದರಿಂದ ಅವುಗಳ ಎಣಿಕೆ ತಪ್ಪಿಸುವಂತಿಲ್ಲ. ಯಾವ ಔಷಧವಾದರೂ ಶುರುಮಾಡುವ ಮುನ್ನವೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನಂಶ ಬರೆದಿಡಿ. ರಿಸ್ಪೆರಿಡೋನ್‌ನಿಂದ ಹುಡುಗಿಯರ ಮುಟ್ಟು ನಿಲ್ಲಬಹುದು, ಹುಡುಗರ ಎದೆ ಊದಬಹುದು. ನಾಚಿಕೆಯಿಂದ ಹೇಳದೆ ಮಾತ್ರೆಯನ್ನೇ ಬಿಡುತ್ತಾರೆ, ಆದ್ದರಿಂದ ನಾವೇ ಕೇಳಬೇಕು. ಮನೆಯವರಿಗೆ ತಿಳಿವಳಿಕೆ, ಶಾಲೆಯೊಡನೆ ಮಾತುಕತೆ ಮಾತ್ರೆಯ ಜೊತೆಜೊತೆಗೇ ಸಾಗಬೇಕು. ಊರಿಗೆ ಮರಳಿದ ಮೇಲೆ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದು ಚೀಟಿಯ ಹಿಂದೆ ಬರೆದುಕೊಡಿ.